ಬಿಹಾರದ ಸೈಕಲ್ ಯೋಜನೆಯೂ ಹೆಣ್ಣುಮಕ್ಕಳ ಪ್ರೌಢಶಿಕ್ಷಣವೂ

ಹಳ್ಳಿಯ ಹೆಣ್ಣುಮಕ್ಕಳು ಶಾಲೆ ಬಿಡುವುದರ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಬಹುಬೇಗ ತಂದೆತಾಯಿಯರ ಮನಸ್ಸಿನ ಕಡೆಗೆ ಹೊರಳುತ್ತದೆ. ಮಗಳನ್ನು ಓದಿಸಬೇಕೆಂಬ ಆಸೆ ಅವರಿಗಿಲ್ಲ, ಮದುವೆ ಮಾಡಿ ಜವಾಬ್ದಾರಿ ಕಳೆದುಕೊಳ್ಳುವ ಆತುರವೇ ಹೆಚ್ಚು, ಆದ್ದರಿಂದ ಅವರಿಗೆ ತಿಳಿವಳಿಕೆ ಕೊಡಬೇಕು ಎಂಬಲ್ಲಿಗೆ ಅದು ಮುಗಿಯುತ್ತದೆ. ಅಭಿವೃದ್ಧಿ ಅರ್ಥಶಾಸ್ತ್ರದಲ್ಲಿ ಈಚಿನ ಎರಡು ದಶಕಗಳಲ್ಲಿ ಬಂದಿರುವ ಅಧ್ಯಯನಗಳನ್ನು ಓದುತ್ತ ಹೋದಂತೆ, ಈ ಪ್ರಶ್ನೆಯನ್ನು ಬೇರೆ ಕ್ರಮದಲ್ಲಿ ಕೇಳಬೇಕು ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ. ಶಾಲೆ ಎಷ್ಟು ದೂರದಲ್ಲಿದೆ, ಅಲ್ಲಿಗೆ ಹುಡುಗಿ ಹೇಗೆ ಹೋಗಿಬರುತ್ತಾಳೆ, ಓದು ಮುಗಿದ ಮೇಲೆ ಅವಳ ಮುಂದೆ ಯಾವ ಕೆಲಸವಿದೆ ಎಂಬುದನ್ನು ಮೊದಲು ನೋಡಬೇಕು. ಮನಸ್ಸಿನ ಪ್ರಶ್ನೆ ಅದರ ಹಿಂದೆ ಬರಲಿ. ಹೀಗೆ ಹೇಳಲು ನನಗೆ ಧೈರ್ಯ ಕೊಟ್ಟಿರುವುದು ಮುಖ್ಯವಾಗಿ ಬಿಹಾರದ ಒಂದು ಯೋಜನೆ ಮತ್ತು ಅದನ್ನು ಕುರಿತು ನಡೆದ ಒಂದು ಅಧ್ಯಯನ.

2006ರಲ್ಲಿ ನಿತೀಶ್ ಕುಮಾರ್ ಅವರ ಸರ್ಕಾರ ‘ಮುಖ್ಯಮಂತ್ರಿ ಬಾಲಿಕಾ ಸೈಕಲ್ ಯೋಜನೆ’ಯನ್ನು ಜಾರಿಗೆ ತಂದಿತು. ಒಂಬತ್ತನೇ ತರಗತಿಗೆ ಸೇರಿದ ಪ್ರತಿಯೊಬ್ಬ ಹುಡುಗಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡುವುದು ಅದರ ಸರಳವಾದ ಸ್ವರೂಪ. ಒಂಬತ್ತನೇ ತರಗತಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಪ್ರಾಥಮಿಕ ಶಾಲೆ ಹೆಚ್ಚುಕಡಿಮೆ ಎಲ್ಲ ಊರುಗಳಿಗೂ ಬಂದಿದ್ದರೂ, ಬಿಹಾರದಲ್ಲಿ ಒಂಬತ್ತರಿಂದ ಆರಂಭವಾಗುವ ಪ್ರೌಢಶಾಲೆ ಅನೇಕ ಹಳ್ಳಿಗಳಿಗೆ ದೂರದಲ್ಲಿತ್ತು. ಎಂಟನೆಯ ತರಗತಿಯವರೆಗೆ ಮನೆಯ ಹತ್ತಿರವೇ ಓದಿದ ಹುಡುಗಿ, ಮೈನೆರೆದು ಮನೆಯವರ ಎಚ್ಚರ ಹೆಚ್ಚುವ ವಯಸ್ಸಿನಲ್ಲೇ ಊರು ದಾಟಿ ಹೋಗಬೇಕಾಗುತ್ತಿತ್ತು. ಹಣವನ್ನು ಶಾಲೆಯಲ್ಲಿ ಎಲ್ಲರ ಎದುರಿನಲ್ಲಿ ಸಮಾರಂಭ ಮಾಡಿ ಹಂಚುತ್ತಿದ್ದುದರಿಂದ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಆ ಕಾಲದ ಬಿಹಾರದ ಸರ್ಕಾರಿ ಯೋಜನೆಗಳ ಬಗ್ಗೆ ಇದ್ದ ಸಾಮಾನ್ಯ ನಿರೀಕ್ಷೆಗೆ ವಿರುದ್ಧವಾಗಿ, ಇದರಲ್ಲಿ ಹಣ ಸೋರಿಹೋದದ್ದು ತೀರ ಕಡಿಮೆ ಎಂದು ನಂತರದ ಸಮೀಕ್ಷೆಗಳು ಕಂಡುಕೊಂಡವು. 2009ರಿಂದ ಹುಡುಗರಿಗೂ ಯೋಜನೆಯನ್ನು ವಿಸ್ತರಿಸಲಾಯಿತು.

ಯೋಜನೆ ಜನಪ್ರಿಯವಾಯಿತು ಎಂಬುದರಲ್ಲಿ ಸಂಶಯವಿರಲಿಲ್ಲ. ಸಮವಸ್ತ್ರ ತೊಟ್ಟ ಹುಡುಗಿಯರು ಗುಂಪಾಗಿ ಸೈಕಲ್ ತುಳಿಯುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಪ್ರೌಢಶಾಲೆಗೆ ದಾಖಲಾದ ಹುಡುಗಿಯರ ಸಂಖ್ಯೆಯೂ ಏರಿತು. ಆದರೆ ಆ ಏರಿಕೆಗೆ ಸೈಕಲ್ಲೇ ಕಾರಣ ಎಂದು ಹೇಳುವುದು ಅಷ್ಟು ಸುಲಭವಿರಲಿಲ್ಲ. ಅದೇ ವರ್ಷಗಳಲ್ಲಿ ಬಿಹಾರದಲ್ಲಿ ರಸ್ತೆಗಳು ಸುಧಾರಿಸುತ್ತಿದ್ದವು, ಕಾನೂನು ಸುವ್ಯವಸ್ಥೆ ಬಿಗಿಯಾಗುತ್ತಿತ್ತು, ಶಿಕ್ಷಕರ ನೇಮಕಾತಿ ನಡೆಯುತ್ತಿತ್ತು, ರಾಜ್ಯದ ಆದಾಯ ವೇಗವಾಗಿ ಬೆಳೆಯುತ್ತಿತ್ತು. ಇವುಗಳಲ್ಲಿ ಯಾವುದೇ ಒಂದು ಸಾಕು, ಮಕ್ಕಳು ಹೆಚ್ಚಾಗಿ ಶಾಲೆಗೆ ಬರಲು. ಮೊದಲು ಇಷ್ಟಿತ್ತು, ಈಗ ಇಷ್ಟಾಯಿತು ಎಂಬ ಲೆಕ್ಕ ಸರ್ಕಾರದ ಜಾಹೀರಾತಿಗೆ ಸಾಕಾಗಬಹುದು, ಪ್ರಶ್ನೆಗೆ ಉತ್ತರವಾಗಲಾರದು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ವಿಭಾಗದ ಕಾರ್ತಿಕ್ ಮುರಳೀಧರನ್ ಮತ್ತು ಅವರ ಜೊತೆಗಾರ ನಿಶಿತ್ ಪ್ರಕಾಶ್ ಈ ತೊಡಕನ್ನು ಬಿಡಿಸಿದ ರೀತಿ ನನಗೆ ಬಹಳ ಇಷ್ಟವಾದದ್ದು, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅವರು ಬಳಸಿದ್ದು 2007-08ರ ಜಿಲ್ಲಾ ಮಟ್ಟದ ಕುಟುಂಬ ಸಮೀಕ್ಷೆಯ ಅಂಕಿಅಂಶಗಳನ್ನು. ಆ ಹೊತ್ತಿಗೆ 14–15 ವರ್ಷದ ಹುಡುಗಿಯರು ಯೋಜನೆಯ ಲಾಭ ಪಡೆಯುವ ವಯಸ್ಸಿನಲ್ಲಿದ್ದರು. 16–17 ವರ್ಷದವರಿಗೆ ಆ ವಯಸ್ಸು ದಾಟಿತ್ತು. ಒಂದೇ ಊರಿನ, ಒಂದೆರಡು ವರ್ಷದ ಅಂತರದ ಈ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಮೊದಲನೆಯ ಹೋಲಿಕೆ. ಆದರೆ ರಸ್ತೆ, ಶಿಕ್ಷಕರು, ಆದಾಯ ಇವೆಲ್ಲವೂ ಕಿರಿಯ ಗುಂಪಿಗೆ ಹೆಚ್ಚು ನೆರವಾಗಿರಬಹುದಲ್ಲ? ಹಾಗಿದ್ದರೆ ಆ ನೆರವು ಅದೇ ವಯಸ್ಸಿನ ಹುಡುಗರಿಗೂ ಸಿಕ್ಕಿರಬೇಕು, ಮತ್ತು ಹುಡುಗರಿಗೆ ಆಗ ಸೈಕಲ್ ಇರಲಿಲ್ಲ. ಆದ್ದರಿಂದ ಹುಡುಗರಲ್ಲಿ ಕಂಡ ವ್ಯತ್ಯಾಸವನ್ನು ಹುಡುಗಿಯರ ವ್ಯತ್ಯಾಸದಿಂದ ಕಳೆದರು. ಅಷ್ಟಾದರೂ ಒಂದು ಅನುಮಾನ ಉಳಿಯುತ್ತದೆ: ದೇಶದಾದ್ಯಂತ ಹುಡುಗಿಯರ ಶಿಕ್ಷಣ ಹುಡುಗರದ್ದಕ್ಕಿಂತ ವೇಗವಾಗಿ ಏರುತ್ತಿದ್ದ ಕಾಲ ಅದು. ಅದಕ್ಕಾಗಿ ನೆರೆಯ ಜಾರ್ಖಂಡ್‌ನಲ್ಲಿ ಇದೇ ಲೆಕ್ಕವನ್ನು ಮಾಡಿ, ಅಲ್ಲಿ ಬಂದದ್ದನ್ನೂ ಕಳೆದರು. 2000ದ ನವೆಂಬರ್‌ವರೆಗೆ ಬಿಹಾರದ ಭಾಗವೇ ಆಗಿದ್ದ ಜಾರ್ಖಂಡ್‌ನಲ್ಲಿ ಆ ಯೋಜನೆ ಇರಲಿಲ್ಲ.

ಮೂರು ಬಾರಿ ಕಳೆದ ಮೇಲೂ ಉಳಿದದ್ದು ದೊಡ್ಡ ಸಂಖ್ಯೆ. ಯೋಜನೆಯಿಂದಾಗಿ ಸರಿಯಾದ ವಯಸ್ಸಿನಲ್ಲಿ ಪ್ರೌಢಶಾಲೆ ಸೇರಿದ ಹುಡುಗಿಯರ ಪ್ರಮಾಣ ಶೇ. 32ರಷ್ಟು ಹೆಚ್ಚಿತು, ಹುಡುಗ–ಹುಡುಗಿಯರ ದಾಖಲಾತಿಯ ನಡುವಿನ ಅಂತರ ಶೇ. 40ರಷ್ಟು ತಗ್ಗಿತು. ಇಲ್ಲಿ ಓದುಗರು ಒಂದು ವಿಷಯವನ್ನು ಗಮನದಲ್ಲಿಟ್ಟುಕೊಳ್ಳಬೇಕು: ಶೇ. 32 ಎಂಬುದು ಮೊದಲಿದ್ದ ಪ್ರಮಾಣಕ್ಕೆ ಹೋಲಿಸಿದ ಹೆಚ್ಚಳ. ಮೊದಲಿದ್ದುದೇ ಕಡಿಮೆಯಾದ್ದರಿಂದ, ನೂರು ಹುಡುಗಿಯರಲ್ಲಿ ಮೂವತ್ತೆರಡು ಮಂದಿ ಹೊಸದಾಗಿ ಬಂದರೆಂದು ಇದಕ್ಕೆ ಅರ್ಥವಲ್ಲ. ಸುದ್ದಿಪತ್ರಿಕೆಗಳಲ್ಲಿ ಈ ಎರಡನ್ನೂ ಒಂದೇ ಎಂಬಂತೆ ಬರೆಯುವುದು ಇಂದಿಗೂ ನಡೆದಿದೆ, ಅದರಿಂದ ಒಳ್ಳೆಯ ಸಂಶೋಧನೆಯ ಮೇಲಿನ ನಂಬಿಕೆಯೂ ಕೊನೆಗೆ ಕುಗ್ಗುತ್ತದೆ.

ನನಗೆ ಹೆಚ್ಚು ಮನವರಿಕೆ ಮಾಡಿಕೊಟ್ಟದ್ದು ದೂರದ ಲೆಕ್ಕ. ಹಳ್ಳಿಯಿಂದ ಪ್ರೌಢಶಾಲೆ ಎಷ್ಟು ಕಿಲೋಮೀಟರ್ ಎಂಬ ಮಾಹಿತಿಯೂ ಆ ಸಮೀಕ್ಷೆಯಲ್ಲಿತ್ತು. ಹೆಚ್ಚಳ ಬಹುಮಟ್ಟಿಗೆ ಕಂಡದ್ದು ಶಾಲೆ ಮೂರು ಕಿಲೋಮೀಟರ್ ಅಥವಾ ಅದಕ್ಕಿಂತ ದೂರವಿದ್ದ ಹಳ್ಳಿಗಳಲ್ಲಿ. ಎರಡು ಸಾವಿರ ರೂಪಾಯಿಯ ಆಸೆಗೆ ಮಗಳನ್ನು ದಾಖಲು ಮಾಡಿಸಿದ್ದರೆ, ಆ ಆಸೆ ಶಾಲೆಯ ಪಕ್ಕದ ಊರಿನವರಿಗೂ ಇರಬೇಕಿತ್ತು. ಸರ್ಕಾರದ ಪ್ರಚಾರದಿಂದ ತಂದೆತಾಯಿಯರ ಮನಸ್ಸು ಬದಲಾಗಿದ್ದರೆ, ಆ ಪ್ರಚಾರ ಹತ್ತಿರದ ಊರನ್ನೂ ಮುಟ್ಟಿತ್ತು. ದೂರದ ಊರುಗಳಲ್ಲೇ ಬದಲಾವಣೆ ಕಂಡಿತೆಂದರೆ, ತಡೆಯಾಗಿದ್ದದ್ದು ದಾರಿ, ಮತ್ತು ಸೈಕಲ್ ತೆಗೆದುಹಾಕಿದ್ದು ಆ ತಡೆಯನ್ನೇ. ಓದಿಸುವ ಆಸೆ ಆ ಮನೆಗಳಲ್ಲಿ ಮೊದಲೇ ಇತ್ತು ಎಂದು ನಾನು ಇದನ್ನು ಓದುತ್ತೇನೆ.

ಮೂರು ಕಿಲೋಮೀಟರ್ ಕಾಲುನಡಿಗೆಯಲ್ಲಿ ಮುಕ್ಕಾಲು ಗಂಟೆಯಷ್ಟಾಗುತ್ತದೆ, ಐದು ಕಿಲೋಮೀಟರ್ ಆದರೆ ಒಂದು ಗಂಟೆಯ ಮೇಲೆ. ಬೆಳಿಗ್ಗೆ ನೀರು ತಂದು, ಒಲೆಯ ಮುಂದೆ ಅಮ್ಮನಿಗೆ ಕೈಜೋಡಿಸಿ, ತಮ್ಮ ತಂಗಿಯರನ್ನು ಸಿದ್ಧ ಮಾಡಿ ಹೊರಡುವ ಹುಡುಗಿಗೆ ದಿನಕ್ಕೆ ಎರಡು ಗಂಟೆ ಎಂಬುದು ಸಣ್ಣ ಬೆಲೆಯಲ್ಲ. ಅದರ ಜೊತೆಗೆ ನಿರ್ಜನ ದಾರಿ, ಕಬ್ಬಿನ ಗದ್ದೆಯ ಅಂಚು, ಚುಡಾಯಿಸುವವರ ಭಯ. ಸೈಕಲ್ ಆ ಹೊತ್ತನ್ನು ಬಹಳಷ್ಟು ಇಳಿಸಿತು. ಅಷ್ಟೇ ಮುಖ್ಯವಾಗಿ, ಒಂದೇ ವರ್ಷ ಒಂದೇ ಊರಿನ ಎಲ್ಲ ಹುಡುಗಿಯರಿಗೂ ಸಿಕ್ಕಿತು. ಒಬ್ಬಳು ಸೈಕಲ್ ತುಳಿದರೆ ಊರು ಮಾತಾಡುತ್ತದೆ, ಹತ್ತು ಮಂದಿ ಒಟ್ಟಿಗೆ ಹೊರಟರೆ ಅದು ಶಾಲೆಗೆ ಹೋಗುವ ರೀತಿಯಾಗಿಬಿಡುತ್ತದೆ. ಬಡತನ ರೇಖೆಯನ್ನೋ ಅಂಕಗಳನ್ನೋ ನೋಡಿ ಆಯ್ದ ಕೆಲವರಿಗೆ ಮಾತ್ರ ಕೊಟ್ಟಿದ್ದರೆ ಈ ಪರಿಣಾಮ ಇಷ್ಟಿರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ದಕ್ಷಿಣ ಏಷ್ಯಾದಲ್ಲಿ ಹುಡುಗಿಯರ ಹಾಜರಾತಿಗೆ ಷರತ್ತು ಹಾಕಿ ಮನೆಗೆ ಹಣ ಕೊಡುವ ಯೋಜನೆಗಳಿಗೆ ಹೋಲಿಸಿದಾಗ, ಖರ್ಚಾದ ಪ್ರತಿ ರೂಪಾಯಿಗೆ ಸೈಕಲ್ ಯೋಜನೆಯ ಪರಿಣಾಮ ಗಣನೀಯವಾಗಿ ಹೆಚ್ಚೆಂದು ಅದೇ ಅಧ್ಯಯನ ಹೇಳುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಹಣ ಮನೆಯ ಖರ್ಚಿನೊಳಗೆ ಬೆರೆತುಹೋಗುತ್ತದೆ, ಆದರೆ ದಾರಿ ಹಾಗೆಯೇ ಉಳಿಯುತ್ತದೆ. ಸೈಕಲ್ ಶಾಲೆಯ ದಿನವೆಲ್ಲ ಆ ದಾರಿಯನ್ನು ಕಡಿಮೆ ಮಾಡುತ್ತದೆ.

ಬಿಹಾರದ ಅಧ್ಯಯನ ಸಮೀಕ್ಷೆಯ ಅಂಕಿಗಳ ಮೇಲೆ ನಿಂತದ್ದಾದ್ದರಿಂದ, ಲಾಟರಿಯ ಮೂಲಕ ಶಾಲೆಗಳನ್ನು ಆರಿಸಿ ಮಾಡಿದ ಪ್ರಯೋಗವೂ ಇದ್ದರೆ ಒಳ್ಳೆಯದಿತ್ತು ಎಂದು ಕೇಳುವವರಿಗೆ ಜಾಂಬಿಯಾದಲ್ಲಿ ಉತ್ತರವಿದೆ. ಅಲ್ಲಿ ಶಾಲೆಯಿಂದ ಮೂರು ಕಿಲೋಮೀಟರ್‌ಗಿಂತ ದೂರವಿದ್ದ ಹುಡುಗಿಯರಿಗೆ ಸೈಕಲ್ ಕೊಟ್ಟ ಪ್ರಯೋಗವನ್ನು ನಿಶಿತ್ ಪ್ರಕಾಶ್ ಮತ್ತು ಸಹೋದ್ಯೋಗಿಗಳು ಅಭ್ಯಾಸ ಮಾಡಿದರು. ಪ್ರಯಾಣದ ಹೊತ್ತು ಶೇ. 35ರಷ್ಟು ಕಡಿಮೆಯಾಯಿತು, ಶಾಲೆಗೆ ತಡವಾಗಿ ಬರುವುದು ಶೇ. 66ರಷ್ಟು, ಗೈರುಹಾಜರಿ ಶೇ. 27ರಷ್ಟು ಇಳಿಯಿತು. ಬಿಹಾರದ ಹಳ್ಳಿಗೂ ಜಾಂಬಿಯಾದ ಹಳ್ಳಿಗೂ ಬೇರೆ ಹೋಲಿಕೆ ಏನೂ ಇಲ್ಲದಿರಬಹುದು, ದೂರದ ಹೊರೆ ಎರಡೂ ಕಡೆ ಹುಡುಗಿಯರ ಮೇಲೆ ಬಿದ್ದಿತ್ತು.

ಇನ್ನು ಬಿಹಾರದ ಫಲಿತಾಂಶದ ಮತ್ತೊಂದು ಭಾಗಕ್ಕೆ ಬರುತ್ತೇನೆ. ಇದನ್ನು ಯೋಜನೆಯ ಅಭಿಮಾನಿಗಳು ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಗೆ ಕುಳಿತ ಹುಡುಗಿಯರ ಸಂಖ್ಯೆ ಶೇ. 18ರಷ್ಟು ಹೆಚ್ಚಿತು, ಪಾಸಾದವರ ಸಂಖ್ಯೆ ಶೇ. 12ರಷ್ಟು ಹೆಚ್ಚಿತು. ದಾಖಲಾತಿಯ ಅಂಕಿ ಕುಟುಂಬ ಸಮೀಕ್ಷೆಯಿಂದಲೂ ಪರೀಕ್ಷೆಯ ಅಂಕಿ ಬೋರ್ಡಿನ ದಾಖಲೆಗಳಿಂದಲೂ ಬಂದವಾದ್ದರಿಂದ, 32, 18, 12 ಎಂಬ ಮೂರನ್ನು ಒಂದೇ ಏಣಿಯ ಮೆಟ್ಟಿಲುಗಳೆಂದು ಲೆಕ್ಕ ಹಾಕುವುದು ಸರಿಯಾಗದು. ಆದರೂ ದಿಕ್ಕು ಸ್ಪಷ್ಟವಾಗಿದೆ. ಶಾಲೆಯ ಬಾಗಿಲವರೆಗೆ ಬಂದವರಲ್ಲಿ ಎಲ್ಲರೂ ಪರೀಕ್ಷೆಯ ಕೊಠಡಿಗೆ ಬರಲಿಲ್ಲ, ಬಂದವರಲ್ಲಿ ಎಲ್ಲರೂ ಪಾಸಾಗಲಿಲ್ಲ. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಐದನೇ ತರಗತಿಯ ಗಣಿತವೂ ಬಾರದ ಮಗುವಿಗೆ ಸೈಕಲ್ ಏನು ಮಾಡೀತು? ಇದನ್ನು ಯೋಜನೆಯ ಸೋಲು ಎಂದು ನಾನು ಕರೆಯುವುದಿಲ್ಲ. ಹೊಸದಾಗಿ ಪಾಸಾದ ಶೇ. 12ರಷ್ಟು ಹುಡುಗಿಯರು ಯೋಜನೆ ಇಲ್ಲದಿದ್ದರೆ ಹತ್ತನೆಯದನ್ನು ಪಾಸಾಗದೇ ಉಳಿಯುತ್ತಿದ್ದವರು. ಆದರೆ ಪಾಠ ಕಲಿಸುವ ಹೊಣೆ ಶಾಲೆಯದು, ಅದನ್ನು ಸೈಕಲ್ಲಿನ ಮೇಲೆ ಹೊರಿಸಲಾಗದು.

ಹತ್ತನೆಯದಾದ ಮೇಲೆ ಏನಾಯಿತು ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ಶಬಾನಾ ಮಿತ್ರಾ ಮತ್ತು ಕಾರ್ಲ್ ಮೂನೆ ಎಂಬ ಸಂಶೋಧಕರು ಕೆಲವು ವರ್ಷಗಳ ನಂತರ ಅದೇ ಹುಡುಗಿಯರ ತಲೆಮಾರನ್ನು ನೋಡಿದಾಗ, ಅವರು ಹೆಚ್ಚು ಓದಿದ್ದರು, ಹೊಲದ ಕೂಲಿಗೆ ಹೋಗುವುದು ಕಡಿಮೆಯಾಗಿತ್ತು. ಆದರೆ ಹೊಲದ ಹೊರಗೆ ಅವರ ಓದಿಗೆ ತಕ್ಕ ಕೆಲಸ ಸಿಕ್ಕಿರಲಿಲ್ಲ. ಓದು ಹುಡುಗಿಯ ನಿರೀಕ್ಷೆಯನ್ನು ಏರಿಸಿತು, ಸುತ್ತಲಿನ ಆರ್ಥಿಕತೆ ಇದ್ದಲ್ಲೇ ಇತ್ತು. ದೇಶದ ಕಾರ್ಮಿಕ ಸಮೀಕ್ಷೆಯಲ್ಲಿ ಹದಿನೈದು ವರ್ಷ ದಾಟಿದ ಮಹಿಳೆಯರಲ್ಲಿ ದುಡಿಮೆಯಲ್ಲಿ ತೊಡಗಿದವರು ಮತ್ತು ಕೆಲಸ ಹುಡುಕುತ್ತಿರುವವರ ಒಟ್ಟು ಪ್ರಮಾಣ 2017-18ರಲ್ಲಿ ಶೇ. 23.3 ಇದ್ದದ್ದು 2023-24ರಲ್ಲಿ ಶೇ. 41.7ಕ್ಕೆ ಏರಿರುವುದು ನಿಜ. ಆ ಏರಿಕೆಯ ಬಹುಪಾಲು ಹಳ್ಳಿಯಲ್ಲಿ, ಸ್ವಂತ ಹೊಲದಲ್ಲಿ ಮತ್ತು ಮನೆಯವರ ಕಸುಬಿನಲ್ಲಿ ಕೈಜೋಡಿಸುವ ದುಡಿಮೆಯಲ್ಲಿ ಆಗಿದೆ. ಸಂಬಳದ ಕೆಲಸಕ್ಕಾಗಿ ಹತ್ತನೆಯದನ್ನು ಮುಗಿಸಿದ ಹುಡುಗಿ ಈ ಅಂಕಿಯಲ್ಲಿ ತನ್ನ ಉತ್ತರವನ್ನು ಕಾಣಲಾರಳು.

ಕೆಲಸ ಕಣ್ಣಿಗೆ ಕಂಡರೆ ಮನೆಯ ನಿರ್ಧಾರ ಎಷ್ಟು ಬದಲಾಗುತ್ತದೆ ಎಂಬುದನ್ನು ತೋರಿಸಿದ್ದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರ ಪ್ರಯೋಗ. ದೆಹಲಿಯ ಸುತ್ತಲಿನ ರಾಜ್ಯಗಳ 160 ಹಳ್ಳಿಗಳಲ್ಲಿ 80ನ್ನು ಲಾಟರಿಯಂತೆ ಆರಿಸಿ, ಅಲ್ಲಿಗೆ ಮೂರು ವರ್ಷ ಕಾಲ್ ಸೆಂಟರ್ ಮುಂತಾದ ಬಿಪಿಒ (ಕಂಪನಿಗಳ ಹೊರಗುತ್ತಿಗೆ) ಕೆಲಸಗಳಿಗೆ ಯುವತಿಯರನ್ನು ನೇಮಿಸಿಕೊಳ್ಳಲು ನೆರವಾಗುವವರನ್ನು ಕಳುಹಿಸಲಾಯಿತು. ಹೆಣ್ಣುಮಕ್ಕಳನ್ನು ಓದಿಸಿ ಎಂಬ ಉಪದೇಶವಾಗಲಿ, ಸಹಾಯಧನವಾಗಲಿ ಅದರಲ್ಲಿರಲಿಲ್ಲ. ಆ ಹಳ್ಳಿಗಳಲ್ಲಿ 15ರಿಂದ 21 ವಯಸ್ಸಿನ ಯುವತಿಯರು ಆ ಅವಧಿಯಲ್ಲಿ ಮದುವೆಯಾಗುವ ಅಥವಾ ತಾಯಿಯಾಗುವ ಸಾಧ್ಯತೆ ನೂರಕ್ಕೆ ಐದಾರರಷ್ಟು ಕಡಿಮೆಯಾಯಿತು. ಕೆಲಸಕ್ಕೆ ಇನ್ನೂ ಎಷ್ಟೋ ವರ್ಷ ದೂರವಿದ್ದ ಪುಟ್ಟ ಹುಡುಗಿಯರು ಕೂಡ ಹೆಚ್ಚಾಗಿ ಶಾಲೆಗೆ ಹೋದರು, ಅವರ ಮೈತೂಕದ ಸೂಚ್ಯಂಕ ಕೂಡ ಸುಧಾರಿಸಿತು. ಅಂದರೆ ಮನೆಯಲ್ಲಿ ಅವರ ಊಟ ಆರೈಕೆಗಳೂ ಬದಲಾದವು. ಈ ಫಲಿತಾಂಶವನ್ನು ಓದಿದಾಗ ನನಗೆ ಸಂತೋಷ ಮತ್ತು ಸಂಕಟ ಎರಡೂ ಆದವು. ಮಗಳ ತಟ್ಟೆಗೆ ಬೀಳುವ ಅನ್ನ ಅವಳು ಮುಂದೆ ಗಳಿಸಬಹುದಾದ ಸಂಬಳವನ್ನು ನೋಡಿ ಹೆಚ್ಚುತ್ತದೆಂದರೆ, ಸಂಬಳದ ದಾರಿ ಕಾಣದ ಊರುಗಳಲ್ಲಿ ಏನಾಗುತ್ತಿದೆ ಎಂಬುದನ್ನು ಹೇಳಬೇಕಾಗಿಲ್ಲ.

ನಮ್ಮ ಕರ್ನಾಟಕವೂ ಸೇರಿದಂತೆ ಆಂಧ್ರಪ್ರದೇಶ, ತಮಿಳುನಾಡುಗಳ ಶಾಲಾ ದಾಖಲೆಗಳನ್ನು ನೋಡಿದ ಅರ್ಥಶಾಸ್ತ್ರಜ್ಞರಾದ ಎಮಿಲಿ ಆಸ್ಟರ್ ಮತ್ತು ಬ್ರೈಸ್ ಸ್ಟೈನ್‌ಬರ್ಗ್, ಇಂಥದೇ ಬಿಪಿಒ ಕೇಂದ್ರವೊಂದು ಬಂದ ಕಡೆ ಶಾಲೆಗಳ ದಾಖಲಾತಿ ಏರಿದ್ದನ್ನು ಕಂಡರು. ಆ ಏರಿಕೆ ಕೆಲವೇ ಕಿಲೋಮೀಟರ್‌ಗಳ ಒಳಗೆ, ಅದರಲ್ಲೂ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಕಂಡಿತು. ಕೆಲಸವಿದೆ ಎಂಬ ತಿಳಿವಳಿಕೆಗೂ ದೂರ ಅಡ್ಡಬರುತ್ತದೆ.

ಕರ್ನಾಟಕದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದದ್ದು 2006-07ರಲ್ಲಿ, ಬಿಹಾರದ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಇಲ್ಲಿ ಹಣದ ಬದಲು ಸರ್ಕಾರವೇ ಖರೀದಿಸಿದ ಸೈಕಲ್ಲನ್ನು ಕೊಡಲಾಗುತ್ತಿತ್ತು, ಅದರ ಗುಣಮಟ್ಟದ ಬಗ್ಗೆ ದೂರುಗಳು ಪದೇ ಪದೇ ಬಂದವು. ಕೋವಿಡ್ ಕಾಲದಲ್ಲಿ ಅದು ನಿಂತುಹೋಯಿತು. ಬಿಹಾರದಲ್ಲಿ ನಡೆದಂಥ ಎಚ್ಚರದ ಲೆಕ್ಕ ನಮ್ಮ ಸೈಕಲ್ಲಿನ ಬಗ್ಗೆಯೂ ಅಷ್ಟೇ ವಿಸ್ತಾರವಾಗಿ ಸಾರ್ವಜನಿಕ ಚರ್ಚೆಗೆ ಬಂದಿದ್ದರೆ, ನಿಲ್ಲಿಸುವ ಮುನ್ನ ಯಾರಿಗೆ ನಷ್ಟವಾಗುತ್ತದೆ ಎಂದು ಕೇಳಬಹುದಾಗಿತ್ತು.

ನಾನು ಹಿಡಿದಿರುವ ವಾದಕ್ಕೆ ಅಡ್ಡ ನಿಲ್ಲುವ ಪುರಾವೆಯನ್ನೂ ಇಲ್ಲಿ ಇಡಬೇಕು. ಹರಿಯಾಣದ 314 ಸರ್ಕಾರಿ ಶಾಲೆಗಳಲ್ಲಿ 150ನ್ನು ಲಾಟರಿಯಂತೆ ಆರಿಸಿ, ಅಲ್ಲಿ ಹುಡುಗ ಹುಡುಗಿಯರೊಂದಿಗೆ ಲಿಂಗ ಸಮಾನತೆಯ ಬಗ್ಗೆ ಎರಡೂವರೆ ವರ್ಷ ತರಗತಿಯಲ್ಲಿ ಚರ್ಚೆ ನಡೆಸಿದ ಪ್ರಯೋಗದಲ್ಲಿ ಮಕ್ಕಳ ಧೋರಣೆ ನಿಜವಾಗಿಯೂ ಬದಲಾಯಿತು, ಮನೆಗೆಲಸದಲ್ಲಿ ಕೈಜೋಡಿಸುತ್ತೇವೆಂದು ಹೇಳಿದ ಹುಡುಗರು ಹೆಚ್ಚಾದರು. ಆದ್ದರಿಂದ ಮನಸ್ಸಿನ ಕೆಲಸ ವ್ಯರ್ಥ ಎಂದು ನಾನು ಹೇಳಲಾರೆ. ಇನ್ನೊಂದೆಡೆ, ನಮ್ಮ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ 2014ರಿಂದ 2017ರವರೆಗೆ ನಡೆದ ‘ಸಮತಾ’ ಪ್ರಯೋಗವಿದೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ನಡೆಸಿದ ಈ ಕಾರ್ಯಕ್ರಮ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಹುಡುಗಿಯರು ಪ್ರೌಢಶಾಲೆ ಮುಗಿಸಬೇಕು, ಬಾಲ್ಯವಿವಾಹ ತಪ್ಪಬೇಕು ಎಂಬ ಗುರಿ ಹೊಂದಿತ್ತು. ಹುಡುಗಿಯರ ಗುಂಪುಗಳು, ಕುಟುಂಬಗಳ ಜೊತೆ ಮಾತುಕತೆ, ಹುಡುಗರೊಂದಿಗೆ ಕೆಲಸ, ಶಾಲಾ ಸಮಿತಿಗಳ ಬಲವರ್ಧನೆ ಎಲ್ಲವೂ ಇದ್ದವು. ಕೊನೆಯಲ್ಲಿ ಕಾರ್ಯಕ್ರಮ ನಡೆದ ಹಳ್ಳಿಗಳಿಗೂ ನಡೆಯದ ಹಳ್ಳಿಗಳಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ನಾಲ್ವರಲ್ಲಿ ಸುಮಾರು ಮೂವರು ಹುಡುಗಿಯರು ಪ್ರೌಢಶಾಲೆ ಮುಗಿಸಿದ್ದರು. ಹೋಲಿಕೆಗೆ ಹಳ್ಳಿಗಳಿರದಿದ್ದರೆ ಇದೇ ಅಂಕಿಯನ್ನು ಕಾರ್ಯಕ್ರಮದ ಗೆಲುವೆಂದು ವೇದಿಕೆಗಳ ಮೇಲೆ ಹೇಳುತ್ತಿದ್ದರು. ಪರಿಣಾಮ ಕಾಣಲಿಲ್ಲ ಎಂಬುದನ್ನು ಮುಚ್ಚಿಡದೆ ಪ್ರಕಟಿಸಿದ ಆ ಸಂಶೋಧಕರ ಬಗ್ಗೆ ನನಗೆ ಅಪಾರ ಗೌರವವಿದೆ.

ಈಗ ನನ್ನ ಕುತೂಹಲವೆಲ್ಲ ಇರುವುದು ‘ಶಕ್ತಿ’ ಯೋಜನೆಯ ಮೇಲೆ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಹತ್ತನೆಯದು ಮುಗಿಸಿದ ಹುಡುಗಿಗೆ ಪದವಿಪೂರ್ವ ಕಾಲೇಜು ಹೋಬಳಿಯಲ್ಲೋ ತಾಲ್ಲೂಕು ಕೇಂದ್ರದಲ್ಲೋ ಇರುತ್ತದೆ, ಆ ದೂರಕ್ಕೆ ಸೈಕಲ್ ಸಾಲದು. ಹಾಗಾದರೆ ಶಕ್ತಿಯಿಂದ ಪಿಯುಸಿ ಮತ್ತು ಪದವಿಗೆ ಸೇರುವ ಹುಡುಗಿಯರು ಹೆಚ್ಚಿದರೇ? ಇಡೀ ರಾಜ್ಯದಲ್ಲಿ ಒಂದೇ ದಿನ ಜಾರಿಗೆ ಬಂದದ್ದರಿಂದ ಯೋಜನೆ ತಲುಪದ ಜಿಲ್ಲೆ ಎಂಬುದು ನಮ್ಮಲ್ಲಿಲ್ಲ. ನೆರೆರಾಜ್ಯಗಳನ್ನು ಜಾರ್ಖಂಡ್‌ನಂತೆ ಬಳಸೋಣವೆಂದರೆ, ಮಹಾರಾಷ್ಟ್ರ ಅದೇ ವರ್ಷದ ಮಾರ್ಚ್‌ನಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್ ಮಾಡಿತು, ತೆಲಂಗಾಣ ಡಿಸೆಂಬರ್‌ನಲ್ಲಿ ಉಚಿತ ಮಾಡಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಮೊದಲೇ ಇದ್ದುದರಿಂದ ಉಚಿತ ಟಿಕೆಟ್ಟಿನಿಂದ ಉಳಿಯುವ ಹಣವೂ ನಾವು ಊಹಿಸುವಷ್ಟು ದೊಡ್ಡದಾಗಿರಲಾರದು.

ಆದರೆ ಬಿಹಾರದ ಅಧ್ಯಯನ ದೂರವನ್ನು ಬಳಸಿದ ಹಾಗೆ ಇಲ್ಲಿ ಬಸ್ಸಿನ ವೇಳಾಪಟ್ಟಿಯನ್ನು ಬಳಸಬಹುದು. ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಬಸ್ಸು ಬರುವ ಹಳ್ಳಿಗಳಿವೆ. ದಿನಕ್ಕೆ ಒಂದೇ ಬಸ್ಸು, ಅದೂ ಹೊತ್ತಲ್ಲದ ಹೊತ್ತಿಗೆ ಬರುವ ಹಳ್ಳಿಗಳಿವೆ. ಬಸ್ಸೇ ಕಾಣದ ಹಳ್ಳಿಗಳೂ ಇವೆ. ಬಸ್ಸಿಲ್ಲದ ಊರಿನಲ್ಲಿ ಉಚಿತ ಟಿಕೆಟ್ಟಿಗೆ ಬೆಲೆಯಿಲ್ಲ. ಈ ಮೂರು ಬಗೆಯ ಊರುಗಳಲ್ಲಿ 2023ರ ಮೊದಲು ಮತ್ತು ನಂತರ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯರಲ್ಲಿ ಎಷ್ಟು ಮಂದಿ ಮುಂದೆ ಸೇರಿದರು, ಅದೇ ಊರಿನ ಹುಡುಗರಲ್ಲಿ ಎಷ್ಟು ಮಂದಿ ಸೇರಿದರು ಎಂದು ನೋಡಿದರೆ ಉತ್ತರ ಸಿಗುವ ದಾರಿಯಿದೆ. ಬಸ್ಸಿನ ವೇಳಾಪಟ್ಟಿಗಳು ಸಾರಿಗೆ ನಿಗಮಗಳ ಡಿಪೋಗಳಲ್ಲಿವೆ, ಮಕ್ಕಳ ದಾಖಲಾತಿಯ ವಿವರ ಶಿಕ್ಷಣ ಇಲಾಖೆಯ ಬಳಿಯಿದೆ. ಎರಡನ್ನೂ ಹಳ್ಳಿವಾರು ಜೋಡಿಸಿ, ಮಕ್ಕಳ ಹೆಸರುಗಳನ್ನು ತೆಗೆದು, ಸಂಶೋಧಕರ ಕೈಗೆ ಕೊಡಲು ಸರ್ಕಾರ ಒಂದು ಆದೇಶ ಹೊರಡಿಸಿದರೆ ಸಾಕು. ರಾಜ್ಯದ ಯಾವುದೇ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ ಈ ಕೆಲಸವನ್ನು ಕೈಗೆತ್ತಿಕೊಳ್ಳಬಹುದು, ಮತ್ತು ಮುಂದಿನ ಬಸ್ಸುಗಳನ್ನು ಯಾವ ಊರಿಗೆ, ಎಷ್ಟು ಗಂಟೆಗೆ ಬಿಡಬೇಕೆಂಬುದನ್ನು ಅದರಿಂದಲೇ ತೀರ್ಮಾನಿಸಬಹುದು.